ಹಿರಿಯರ ಆದಾಯ ಭದ್ರತೆಗೆ ಅನುದಾನ: ಯಾರನ್ನು ಕೇಳಬೇಕು, ಯಾವುದಕ್ಕೆ ಕೇಳಬೇಕು?

ಪ್ರಶ್ನೆ (ಕುಷ್ಟಗಿ ತಾಲ್ಲೂಕಿನ ಸಣ್ಣ ಟ್ರಸ್ಟ್‌ನ ಕಾರ್ಯದರ್ಶಿ): ಸರ್, ನಮಸ್ಕಾರ. ನಮ್ಮ ಹಳ್ಳಿಗಳಲ್ಲಿ ದುಡಿಯುವವರು ಗುಳೆ ಹೋದ ಮೇಲೆ ಮನೆಯಲ್ಲಿ ಉಳಿಯುವವರು ಅಜ್ಜ, ಅಜ್ಜಿ ಮತ್ತು ಮೊಮ್ಮಕ್ಕಳು. ಔಷಧಕ್ಕೂ ಕೈಸಾಲ ಮಾಡುತ್ತಾರೆ. ಇಂಥ ಹಿರಿಯರಿಗೆ ಕುರಿ ಸಾಕಲು, ರೊಟ್ಟಿ ಮಾರಲು ಬಂಡವಾಳ ಕೊಡುವ ಯೋಜನೆ ಬರೆದು ಕಂಪನಿಗಳಿಗೆ ಕಳುಹಿಸಿದೆವು, ಉತ್ತರ ಬರಲಿಲ್ಲ. ಟ್ರಸ್ಟ್‌ಗೆ ಐದು ವರ್ಷವಾಗಿದೆ. ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿ ಇವೆ. ಏನು ಬದಲಿಸಬೇಕು?

ಉತ್ತರ (ಯೋಜನಾ ಸಲಹೆಗಾರ, ಬಳ್ಳಾರಿ): ನಮಸ್ಕಾರ ಅಕ್ಕಾ. ಕಾಗದಪತ್ರದ ಮಾತು ಮೊದಲು ಮುಗಿಸೋಣ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಪಡೆಯಲು 2021ರ ಏಪ್ರಿಲ್‌ನಿಂದ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಎಂಬ ನೋಂದಣಿಯೂ ಕಡ್ಡಾಯ. ನಿಮ್ಮಂಥ ಟ್ರಸ್ಟ್‌ಗೆ ಮೂರು ವರ್ಷದ ಕೆಲಸದ ದಾಖಲೆ ಬೇಕು, ಅದು ನಿಮ್ಮಲ್ಲಿದೆ. ಸಿಎಸ್‌ಆರ್ ಹಣ ಯಾವ ಕೆಲಸಗಳಿಗೆ ಎಂದು ಪಟ್ಟಿ ಮಾಡುವ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಹಿರಿಯ ನಾಗರಿಕರ ಸೌಲಭ್ಯಗಳ ಉಲ್ಲೇಖವಿದೆ. ಅದನ್ನು ಅರ್ಜಿಯ ಮೊದಲ ಪುಟದಲ್ಲೇ ಬರೆಯಿರಿ.

ಆದರೆ ಯೋಜನೆಯನ್ನೇ ತಿರುಗಿಸಿ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಎಪ್ಪತ್ತು ದಾಟಿದವರನ್ನು ಕುರಿಯ ಹಿಂದೆ ಅಡವಿಗೆ ಕಳುಹಿಸಿ ಅದನ್ನು ಭದ್ರತೆ ಎನ್ನಲಾಗದು. ರಾಜ್ಯ ಸರ್ಕಾರದ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಬರಬೇಕು. ಎಷ್ಟೋ ಜನರಿಗೆ ಅದು ಮಂಜೂರೇ ಆಗಿರುವುದಿಲ್ಲ, ಆದದ್ದೂ ನಡುವೆ ನಿಂತಿರುತ್ತದೆ. ಆಧಾರ್‌ನಲ್ಲಿ ವಯಸ್ಸು ಕಡಿಮೆ ಬಿದ್ದಿರುತ್ತದೆ, ಪಡಿತರ ಚೀಟಿಯಲ್ಲಿ ಹೆಸರು ಬೇರೆ ಇರುತ್ತದೆ, ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಕೂಲಿಯಲ್ಲಿ ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಒಬ್ಬ ಅಜ್ಜಿ ನಾಡಕಚೇರಿ, ಬ್ಯಾಂಕು ಎಂದು ಒಬ್ಬಳೇ ಅಲೆಯಬೇಕೇ? ಅವರ ಜೊತೆ ಹೋಗಿ, ತಿದ್ದುಪಡಿ ಮಾಡಿಸಿ, ಹಣ ಖಾತೆಗೆ ಬೀಳುವವರೆಗೆ ಬೆನ್ನು ಹತ್ತುವ ಕಾರ್ಯಕರ್ತರ ಸಂಬಳಕ್ಕೆ ಅನುದಾನ ಕೇಳಿ. ಒಬ್ಬರಿಗೆ ಪಿಂಚಣಿ ಶುರುವಾದರೆ ವರ್ಷಕ್ಕೆ 14,400 ರೂಪಾಯಿ, ಅದೂ ಪ್ರತಿ ವರ್ಷ. ಕಂಪನಿಯವರ ಮುಂದೆ ಈ ಲೆಕ್ಕ ಇಡಿ.

ಮರುಪ್ರಶ್ನೆ (ಅದೇ ಕಾರ್ಯದರ್ಶಿ): ಸಂಬಳಕ್ಕೆ ಶೇ 5ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎನ್ನುತ್ತಾರಲ್ಲ?

ಉತ್ತರ: ಆ ಮಿತಿ ಕಂಪನಿಯು ತನ್ನ ಸಿಎಸ್‌ಆರ್ ವಿಭಾಗದ ಆಡಳಿತಕ್ಕೆ ಮಾಡುವ ಖರ್ಚಿನದು. ಯೋಜನೆಯ ಅನುಷ್ಠಾನಕ್ಕೆ ನೇರವಾಗಿ ತಗಲುವ ವೆಚ್ಚ ಅದರಲ್ಲಿ ಸೇರುವುದಿಲ್ಲ. ಆದ್ದರಿಂದ ಕಾರ್ಯಕರ್ತರ ವೇತನ, ಬಸ್ ಖರ್ಚನ್ನು ‘ಆಡಳಿತ ವೆಚ್ಚ’ದ ಕೆಳಗೆ ಬರೆಯಬೇಡಿ, ‘ಅನುಷ್ಠಾನ ವೆಚ್ಚ’ ಎಂದು ಬರೆದು ಕೆಲಸದ ವಿವರ ಕೊಡಿ. ಎಷ್ಟೋ ಒಳ್ಳೆಯ ಅರ್ಜಿಗಳು ಈ ಒಂದು ತಪ್ಪು ತಿಳಿವಳಿಕೆಯಿಂದ ಬಡವಾಗುತ್ತವೆ.

ಇನ್ನೊಬ್ಬರ ಪ್ರಶ್ನೆ (ಸಂಡೂರು): ಅಣ್ಣಾ, ನಮ್ಮದು ಗಣಿಬಾಧಿತ ಊರು. ಗಣಿ ನಡೆಸುವವರು ಬಾಧಿತ ಊರುಗಳಿಗಾಗಿ ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಇದಕ್ಕೆ ಸಿಗುತ್ತದೆಯೇ?

ಉತ್ತರ: ಕೇಳಲು ನಿಮಗೆ ಪೂರ್ಣ ಹಕ್ಕಿದೆ. ಪ್ರತಿಷ್ಠಾನದ ಹಣ ಬಳಸುವ 2015ರ ಪ್ರಧಾನಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆಯ ಆದ್ಯತಾ ಪಟ್ಟಿಯಲ್ಲೇ ವೃದ್ಧರ ಕಲ್ಯಾಣವಿದೆ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಅಧಿಕಾರಿಯನ್ನು ಜೊತೆಗೂಡಿಸಿಕೊಂಡು ಜಿಲ್ಲಾಧಿಕಾರಿಗೆ ಪ್ರಸ್ತಾವ ಕೊಡಿ.

ಕುಷ್ಟಗಿಯ ಅಕ್ಕಾ, ಅರ್ಜಿ ಬರೆಯುವ ಮೊದಲು ಎರಡು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಪಟ್ಟಿ ಮಾಡಿ: ವಯಸ್ಸು, ಪಿಂಚಣಿ ಇದೆಯೇ, ನಿಂತಿದ್ದರೆ ಯಾವ ತಿಂಗಳಿಂದ, ಯಾವ ಕಾರಣಕ್ಕೆ, ಕೈಸಾಲ ಎಷ್ಟು. ಅದನ್ನು ಇಲ್ಲಿ ಹಾಕಬೇಡಿ, ಅವರ ಖಾಸಗಿ ವಿವರ ಅದು. ಒಟ್ಟು ಅಂಕಿಗಳನ್ನಷ್ಟೇ ಕಳುಹಿಸಿ, ಬಜೆಟ್ ಹಾಳೆಯನ್ನು ಕೂತು ಬರೆಯೋಣ.