ಡಿಸ್ಕೌಂಟ್ ರೇಟ್: ‘ವಟ್ಟದ ದರ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹಾಳಾದ ಕಾಡು, ಕೆರೆ, ಹಿನ್ನೀರುಗಳನ್ನು ಸರಿಪಡಿಸುವ ಯೋಜನೆಗಳ ಲಾಭ-ವೆಚ್ಚ ತೂಗುವ ಬಗೆಯನ್ನು ಪದವಿ ತರಗತಿಗೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಡಿಸ್ಕೌಂಟ್ ರೇಟ್’ ಹತ್ತಿರ ಗಾಡಿ ನಿಂತಿದೆ. ಒಂದು ಅನುವಾದದಲ್ಲಿ ‘ರಿಯಾಯಿತಿ ದರ’ ಎಂದಿತ್ತು. ಓದಿದ ಹುಡುಗರಿಗೆ ಆಷಾಢದ ಸೀರೆ ಸೇಲ್ ನೆನಪಾದರೆ ತಪ್ಪು ಅವರದಲ್ಲ.

ಇಲ್ಲಿ ಯಾರೂ ಯಾರಿಗೂ ಏನೂ ಬಿಟ್ಟುಕೊಡುತ್ತಿಲ್ಲ. ಮುಂದೆಂದೋ ಬರುವ ಲಾಭ ಇವತ್ತಿಗೆ ಎಷ್ಟು ಬಾಳುತ್ತದೆ ಎಂದು ವರ್ಷಕ್ಕಿಷ್ಟು ಮುರಿದುಕೊಳ್ಳುತ್ತ ಬರುವ ಲೆಕ್ಕ ಇದು. 20 ವರ್ಷದ ಮೇಲೆ ಸಿಗುವ 100 ರೂಪಾಯಿ ಶೇ 3ರ ದರದಲ್ಲಿ ಇಂದಿಗೆ ಸುಮಾರು 55 ರೂಪಾಯಿ. ಶೇ 8 ಹಿಡಿದರೆ 21 ರೂಪಾಯಿ ಚಿಲ್ಲರೆ.

ಇದರ ಏಟು ಎಲ್ಲ ಯೋಜನೆಗೂ ಒಂದೇ ಸಮ ಬೀಳುವುದಿಲ್ಲ. ಒಡಿಶಾದ ಚಿಲಿಕಾ ಸರೋವರಕ್ಕೆ 2000ದ ಸೆಪ್ಟೆಂಬರಿನಲ್ಲಿ ಕಡಲ ಕಡೆಗೆ ಹೊಸ ಬಾಯಿ ತೋಡಿದರು. ಉಪ್ಪುನೀರು ಒಳಬಂತು, ಕಳೆ ತಗ್ಗಿತು, ಒಂದೆರಡು ವರ್ಷದಲ್ಲೇ ಬಲೆಗೆ ಬೀಳುವ ಮೀನು ಹಲವು ಪಟ್ಟಾಯಿತು. ಲಾಭ ಬೇಗ ಕೈಸೇರಿದ್ದರಿಂದ ದರ ಮೂರಾದರೇನು, ಎಂಟಾದರೇನು, ಅಂಥ ವ್ಯತ್ಯಾಸವಿಲ್ಲ. (ಮೀನಿಗಾದರೆ ಮಾರುಕಟ್ಟೆಯ ಬೆಲೆಯುಂಟು, ಅಲ್ಲಿನ ಇರಾವಡಿ ಡಾಲ್ಫಿನ್ನಿಗೆ ಎಷ್ಟು ಕಟ್ಟುವುದು ಎಂಬುದು ಬೇರೆಯೇ ತಕರಾರು.) ಅದೇ ಮಲೆನಾಡಿನ ಅಕೇಶಿಯಾ ನೆಡುತೋಪನ್ನು ಮತ್ತೆ ಸಹಜ ಕಾಡಾಗಿಸಲು ಹೊರಟರೆ? ಖರ್ಚು ಈಗಲೇ, ಕಾಡು ಬಲಿಯುವುದು ದಶಕಗಳ ಮೇಲೆ. ಶೇ 8 ಹಾಕಿದರೆ ಕಾಗದದ ಮೇಲೆ ಅದು ನಷ್ಟದ ಬಾಬತ್ತಾಗಿಬಿಡಬಹುದು.

ಹಳೆಯ ವ್ಯಾಪಾರದ ಕನ್ನಡದಲ್ಲಿ ಸೋಡಿ, ವಟ್ಟ ಎಂಬ ಎರಡು ಮಾತಿವೆ. ಸೋಡಿ ಎಂದರೆ ಬೆಲೆಯಲ್ಲಿ ಬಿಡುವ ಮೊತ್ತ, ಮತ್ತೆ ಸೀರೆ ಅಂಗಡಿಗೇ ಬಂದಂತಾಯಿತು. ಹುಂಡಿಯನ್ನು, ಅಂದರೆ ಇಂಥ ದಿನ ಇಷ್ಟು ಹಣ ಸಲ್ಲಬೇಕೆಂದು ಬರೆದ ವ್ಯಾಪಾರದ ಪತ್ರವನ್ನು, ವಾಯಿದೆಗೆ ಮೊದಲೇ ನಗದು ಮಾಡಿಕೊಂಡಾಗ ಕಡಿತವಾಗುವುದು ವಟ್ಟ. ಕಾಯುವ ಕಾಲಕ್ಕೆ ತೆರುವ ಬೆಲೆ ಎಂಬ ಭಾವ ಅದರಲ್ಲಿದೆ. ನನ್ನ ಒಲವು ಇದರ ಕಡೆಗೇ, ಆದರೆ ಇಂದಿನ ವಿದ್ಯಾರ್ಥಿಗೆ ಇದು ಗುರುತಿಲ್ಲ. ಬಡ್ಡಿ ಮುರಿದುಕೊಂಡು ಸಾಲ ಕೊಡುವುದು ಎಲ್ಲರಿಗೂ ಗೊತ್ತಲ್ಲ ಎಂದು ‘ಕಾಲಮುರಿತದ ದರ’ ಕಟ್ಟಿ ನೋಡಿದೆ. ಮೂಳೆ ಡಾಕ್ಟರ ಫೀಸಿನಂತೆ ಕೇಳಿಸಿತು, ಕೈಬಿಟ್ಟೆ.

ಮಂಡಿ ವ್ಯವಹಾರ ಬಲ್ಲವರು ಹೇಳಬೇಕು: ‘ವಟ್ಟ’ ಈಗಲೂ ಬಾಯಲ್ಲಿದೆಯೇ, ಇದ್ದರೆ ಯಾವ ಅರ್ಥದಲ್ಲಿ? ಇನ್ನೊಂದು: ಯೋಜನೆ ಫಲಿಸಿತೇ ಎಂದು ನೋಡುವುದಕ್ಕೆ ‘ಮೌಲ್ಯಮಾಪನ’, ಅದರ ಫಲವನ್ನು ರೂಪಾಯಿಯಲ್ಲಿ ಹೇಳುವುದಕ್ಕೆ ‘ಬೆಲೆಕಟ್ಟುವಿಕೆ’ ಎಂದು ಬೇರೆಬೇರೆ ಇಟ್ಟುಕೊಂಡಿದ್ದೇನೆ. ಇದಕ್ಕೆ ಯಾರದಾದರೂ ಆಕ್ಷೇಪವಿದೆಯೇ?