ಕಣಕಾಲಿನ ಮೂಳೆಗಳ ‘ವೇರಿಯೇಶನ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಅಂಗರಚನಾಶಾಸ್ತ್ರದ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಟಿಬಿಯಾಕ್ಕೆ ಜಂಘಾಸ್ಥಿ, ಫಿಬುಲಾಕ್ಕೆ ಅನುಜಂಘಾಸ್ಥಿ ಎಂದು ಬರೆದಿದ್ದೇನೆ. ಲ್ಯಾಟಿನ್ನಿನಲ್ಲಿ ಮೊದಲನೆಯದಕ್ಕೆ ಕೊಳಲು, ಎರಡನೆಯದಕ್ಕೆ ಉಡುಪಿಗೆ ಸಿಕ್ಕಿಸುವ ಪಿನ್ನು ಎಂಬ ಅರ್ಥವಿದೆ. ಆ ಚಿತ್ರ ನಮ್ಮಲ್ಲಿ ಉಳಿಯದಿದ್ದರೂ ದಪ್ಪ ಮೂಳೆಯ ಪಕ್ಕದಲ್ಲಿ ತೆಳುವಾದದ್ದು ಜೊತೆಗಿದೆ ಎಂಬುದನ್ನು ‘ಅನು’ ಚೆನ್ನಾಗಿಯೇ ಹೇಳುತ್ತದೆ. ನನ್ನ ತೊಡಕು ‘ವೇರಿಯೇಶನ್’ ಎಂಬ ಪದದ್ದು, ಎಂದರೆ ಮೂಳೆಯ ರಚನೆ ಒಬ್ಬರಿಂದೊಬ್ಬರಿಗೆ ಬೇರೆಯಾಗಿರುವುದನ್ನು ಹೇಳುವ ಪದದ್ದು.

ಮೊದಲ ಕರಡಿನಲ್ಲಿ ‘ವಿಕೃತಿ’ ಎಂದು ಬರೆದು, ಫ್ಯಾಬೆಲಾ ಬಂದಾಗ ಹೊಡೆದುಹಾಕಿದೆ. ಮೊಣಕಾಲಿನ ಹಿಂಬದಿಯಲ್ಲಿ, ಮೀನಖಂಡದ ಸ್ನಾಯುವಿನ ಹೊರತಲೆಯೊಳಗೆ ಕೆಲವರಿಗೆ ಇರುವ, ಹಲವರಿಗೆ ಇಲ್ಲದಿರುವ, ಕೆಲವೊಮ್ಮೆ ಒಂದೇ ಕಾಲಿನಲ್ಲಿ ಕಾಣುವ ಈ ಪುಟ್ಟ ಮೂಳೆಯ ಹೆಸರಿಗೆ ‘ಚಿಕ್ಕ ಅವರೆಕಾಳು’ ಎಂದರ್ಥ. ಸಾಮಾನ್ಯವಾಗಿ ಅದರಿಂದ ಯಾವ ತೊಂದರೆಯೂ ಇರುವುದಿಲ್ಲ; ಹಾಗಿರುವಾಗ ಅದನ್ನು ವಿಕೃತಿ ಎಂದರೆ ಓದುವವರು ರೋಗವೆಂದೇ ತಿಳಿಯುತ್ತಾರೆ. ಪಕ್ಕದ ಮಂಡಿಚಿಪ್ಪಿನದೂ ಇದೇ ಕಥೆ. ಕೆಲವರಲ್ಲಿ ಅದರ ಮೇಲಿನ ಹೊರಮೂಲೆ ಬೆಸೆಯದೆ ಬೇರೆ ತುಂಡಾಗಿ ಉಳಿದಿರುತ್ತದೆ, ಎಕ್ಸ್‌ರೇಯಲ್ಲಿ ಮುರಿದಂತೆ ಕಾಣುತ್ತದೆ. ಆದರೆ ಹೊಸ ಮುರಿತದ ಅಂಚು ಚೂಪಾಗಿದ್ದರೆ ಇದರ ಅಂಚು ನುಣುಪಾಗಿರುತ್ತದೆ.

‘ವೈವಿಧ್ಯ’ ಎಂದರೆ ಮೆಚ್ಚುಗೆಯ ಧ್ವನಿ ಸೇರಿಬಿಡುತ್ತದೆ. ‘ವಿಕಲ್ಪ’ಕ್ಕೆ ವ್ಯಾಕರಣದ ವಾಸನೆಯಿದೆ. ಹಳೆಯ ಕಾವ್ಯಗಳ ಸಂಪಾದಕರು ಬಳಸುವ ‘ಪಾಠಾಂತರ’ದ ಜಾಡಿನಲ್ಲಿ ‘ರೂಪಾಂತರ’ ಎನ್ನೋಣವೆಂದರೆ, ಒಂದು ಮತ್ತೊಂದಾಗಿ ಬದಲಾಯಿತು ಎಂಬ ಅರ್ಥ ಬರುತ್ತದೆ. ಇಲ್ಲಿ ಬದಲಾದದ್ದೇನೂ ಇಲ್ಲ. ಸದ್ಯಕ್ಕೆ ‘ರಚನಾಭೇದ’ದಲ್ಲಿ ನಿಂತಿದ್ದೇನೆ: ದೋಷದ ಸೂಚನೆಯಿಲ್ಲ, ‘ಈ ಕಾಲಿನಲ್ಲಿ ಮೂರು ರಚನಾಭೇದಗಳಿವೆ’ ಎಂದು ಎಣಿಸಿ ಹೇಳಲೂ ಬರುತ್ತದೆ.

ಆದರೆ ಅದು ಎಲ್ಲ ಕಡೆ ಹೊಂದುತ್ತಿಲ್ಲ. ಜಂಘಾಸ್ಥಿಯ ದಂಡ, ಅಂದರೆ ಎರಡು ತುದಿಗಳ ನಡುವಿನ ಉದ್ದ ಭಾಗ, ಕೆಲವರಲ್ಲಿ ಪಕ್ಕದಿಂದ ಪಕ್ಕಕ್ಕೆ ಚಪ್ಪಟೆಯಾಗಿರುತ್ತದೆ. ಮೂಳೆಯೊಳಕ್ಕೆ ರಕ್ತನಾಳ ಹೋಗುವ ಪೋಷಕ ರಂಧ್ರದ ಮಟ್ಟದಲ್ಲಿ ಅಡ್ಡಳತೆಯನ್ನು ಮುಂದಿನಿಂದ ಹಿಂದಿನ ಅಳತೆಯಿಂದ ಭಾಗಿಸಿ 100ರಿಂದ ಗುಣಿಸಿದಾಗ 63ಕ್ಕಿಂತ ಕಡಿಮೆ ಬಂದರೆ ಚಪ್ಪಟೆ, 70 ಅಥವಾ ಹೆಚ್ಚು ಬಂದರೆ ಅಗಲ ಎಂದು ವಿಂಗಡಿಸುತ್ತಾರೆ. ಫ್ಯಾಬೆಲಾದಂತೆ ಇದು ಇದೆ ಅಥವಾ ಇಲ್ಲ ಎನ್ನುವ ಮಾತಲ್ಲ. ಎಲ್ಲರಲ್ಲೂ ಇದ್ದು, ಪ್ರಮಾಣವಷ್ಟೇ ಏರಿಳಿಯುತ್ತದೆ. ಇಲ್ಲಿ ‘ವ್ಯತ್ಯಾಸ’ವೇ ಸಹಜವಾಗಿ ಕೇಳಿಸುತ್ತದೆ.

ಇಂಗ್ಲಿಷಿನ ಒಂದು ಪದಕ್ಕೆ ಹೀಗೆ ಎರಡು ಪದ ಇಟ್ಟುಕೊಳ್ಳುವುದು ಸರಿಯೇ, ಅಥವಾ ಎರಡನ್ನೂ ಹಿಡಿಯುವ ಬೇರೆ ಪದವಿದೆಯೇ? ಬೋಧಿಸುವವರು ತರಗತಿಯಲ್ಲಿ ಏನೆನ್ನುತ್ತೀರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.