ಲಗ್ ಸುಡುತ್ತಿದೆ, ಥರ್ಮಲ್ ಕ್ಯಾಮೆರಾ 37 ಡಿಗ್ರಿ ತೋರಿಸುತ್ತಿದೆ

ಮಿಲ್ ವೈರ್‌ಮನ್, ಗಂಗಾವತಿ:
ನಮಸ್ಕಾರ. ರೈಸ್ ಮಿಲ್‌ನಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಹೋದ ತಿಂಗಳು ಕೈಯಲ್ಲಿ ಹಿಡಿಯುವ ಪುಟ್ಟ ಥರ್ಮಲ್ ಕ್ಯಾಮೆರಾ ತಗೊಂಡೆವು, 160×120 ಪಿಕ್ಸೆಲ್‌ದು. ಮೇನ್ ಪ್ಯಾನೆಲ್‌ನಲ್ಲಿ ಆರ್, ವೈ, ಬಿ ಮೂರು ಫೇಸ್ (ಕರೆಂಟ್ ಲೈನ್) ಪೈಕಿ ವೈ ಹತ್ತಿರ ಸುಟ್ಟ ವಾಸನೆ ಬರುತ್ತಿದೆ. ಕ್ಯಾಮೆರಾದಲ್ಲಿ ನೋಡಿದರೆ ತಾಮ್ರದ ಬಸ್‌ಬಾರ್ (ಕರೆಂಟ್ ಹಂಚುವ ಪಟ್ಟಿ), ಅದಕ್ಕೆ ಬೋಲ್ಟ್ ಮಾಡಿದ ಲಗ್ (ಕೇಬಲ್ ತುದಿಯ ಲೋಹದ ತುಂಡು) ಎರಡೂ 37 ಡಿಗ್ರಿ. ಮೂರೂ ಫೇಸ್ ಒಂದೇ ಥರ. ಆದರೆ ವೈ ಲಗ್‌ಗೆ ಅಂಟಿಕೊಂಡಿರುವ ಕಪ್ಪು ಸ್ಲೀವ್ (ಇನ್ಸುಲೇಷನ್ ಕವಚ) ಮಾತ್ರ 61. ಬಿಸಿ ಹುಟ್ಟುವುದು ಲೋಹದಲ್ಲಿ ಅಲ್ವಾ? ಸ್ಲೀವ್ ಅದಕ್ಕಿಂತ ಜಾಸ್ತಿ ಬಿಸಿ ಹೇಗಾಯಿತು? ಬಸ್‌ಬಾರ್ ಮೇಲೆ ಒಂದು ಬಿಸಿ ಚುಕ್ಕೆಯೂ ಇದೆ, ನಾನು ಸರಿದರೆ ಅದೂ ಸರಿಯುತ್ತದೆ. ಕ್ಯಾಮೆರಾ ವಾಪಸ್ ಕೊಡಲಾ?

ಪ್ಯಾನೆಲ್ ಕೆಲಸ:
ಕೊಡಬೇಡಿ ಅಣ್ಣ, ಕ್ಯಾಮೆರಾ ಸರಿಯಾಗಿಯೇ ಇದೆ. ಆ ಸರಿಯುವ ಚುಕ್ಕೆ ನಿಮ್ಮ ಮೈಶಾಖ. ಹೊಳೆಯುವ ತಾಮ್ರ ಈ ಕ್ಯಾಮೆರಾಗೆ ಕನ್ನಡಿ ಇದ್ದ ಹಾಗೆ. ಅದರ ಎಮಿಸಿವಿಟಿ (ಶಾಖ ಹೊರಸೂಸುವ ಪ್ರಮಾಣ, ಗರಿಷ್ಠ 1) 0.1ಕ್ಕಿಂತಲೂ ಕಡಿಮೆ ಇರಬಹುದು. ಅಂದರೆ ತನ್ನ ಶಾಖವನ್ನು ಸ್ವಲ್ಪವೇ ಹೊರಗೆ ಬಿಟ್ಟು, ಸುತ್ತಲಿನದ್ದನ್ನು ವಾಪಸ್ ಎಸೆಯುತ್ತದೆ. ಕ್ಯಾಮೆರಾ 0.95 ಸೆಟ್ಟಿಂಗ್‌ನಲ್ಲಿದ್ದು, ಸುತ್ತಲಿನ ಶಾಖ 30 ಡಿಗ್ರಿ ಆಸುಪಾಸು ಇದ್ದರೆ, 80 ಡಿಗ್ರಿ ಕಾದ ತಾಮ್ರವೂ 37ರ ಹತ್ತಿರವೇ ತೋರಿಸುತ್ತದೆ. ಸ್ಲೀವ್‌ನ ಎಮಿಸಿವಿಟಿ 0.9ರ ಮೇಲೆ, ಅದನ್ನು ನಂಬಿ. ಒಳಗಿನ ಲಗ್ 61ಕ್ಕಿಂತ ಜಾಸ್ತಿಯೇ ಕಾದಿರಬೇಕು.

ಸೆಟ್ಟಿಂಗ್‌ನಲ್ಲಿ 0.1 ಹಾಕಿ ಲೆಕ್ಕ ಸರಿ ಮಾಡಲು ಹೋಗಬೇಡಿ. ಅಷ್ಟು ಕಡಿಮೆಯಲ್ಲಿ ಚೂರು ವ್ಯತ್ಯಾಸವಾದರೂ ಉತ್ತರ ಎಲ್ಲೋ ಹೋಗುತ್ತದೆ. ಪವರ್ ಆಫ್ ಮಾಡಿ, ಲಾಕ್ ಹಾಕಿ, ಸಪ್ಲೈ ಇಲ್ಲ ಅಂತ ಟೆಸ್ಟರ್‌ನಲ್ಲಿ ಖಚಿತ ಮಾಡಿಕೊಂಡು, ಮೂರೂ ಲಗ್ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಸಣ್ಣ ತುಂಡು ಅಂಟಿಸಿ. ಆಮೇಲೆ ಮಿಲ್ ಪೂರ್ತಿ ಓಡುವಾಗ ನೋಡಿ. ಲೈವ್ ಪ್ಯಾನೆಲ್‌ನಲ್ಲಿ ಟೇಪ್ ಅಂಟಿಸಲು ಕೈ ಹಾಕಲೇಬೇಡಿ, ದಯವಿಟ್ಟು.

ಮೋಟಾರ್ ವೈಂಡರ್, ಹುಬ್ಬಳ್ಳಿ:
ಎಷ್ಟು ಲೋಡ್‌ನಲ್ಲಿ ನೋಡಿದಿರಿ? ಜಾಯಿಂಟ್‌ನಲ್ಲಿ ಹುಟ್ಟುವ ಶಾಖ ಕರೆಂಟ್‌ನ ವರ್ಗದಷ್ಟು. ಅರ್ಧ ಲೋಡ್ ಅಂದರೆ ಕಾಲು ಭಾಗ ಶಾಖ ಅಷ್ಟೇ. ಕ್ಲಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿ ಮೂರೂ ಫೇಸ್ ಕರೆಂಟ್ ಬರೆದುಕೊಳ್ಳಿ. ವೈನಲ್ಲೇ ಕರೆಂಟ್ ಜಾಸ್ತಿ ಇದ್ದರೆ ಮೊದಲು ಲೋಡ್ ನೋಡಿ. ಕರೆಂಟ್ ಒಂದೇ ಇದ್ದು ಬಿಸಿ ಮಾತ್ರ ಜಾಸ್ತಿ ಇದ್ದರೆ ಜಾಯಿಂಟ್ ಲೂಸ್, ಇಲ್ಲವೇ ತುಕ್ಕು.

ಇನ್ನೊಂದು ಮಾತು, ಬಸ್‌ಬಾರ್ ಮುಂದಿನ ಅಕ್ರಿಲಿಕ್ ಶೀಟ್ ಮೂಲಕ ತೆಗೆಯಬೇಡಿ. ನಮ್ಮ ಕಣ್ಣಿಗೆ ಪಾರದರ್ಶಕ, ಕ್ಯಾಮೆರಾಗೆ ಗೋಡೆ.

ಮಿಲ್ ವೈರ್‌ಮನ್, ಗಂಗಾವತಿ:
ಭಾನುವಾರ ಮಿಲ್ ರಜೆ ಇತ್ತು, ಟೇಪ್ ಹಾಕಿದೆ. ಇವತ್ತು ಪೂರ್ತಿ ಲೋಡ್‌ನಲ್ಲಿ ಆರ್ 48, ಬಿ 47, ವೈ 76! ಕರೆಂಟ್ ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ಸಂಜೆ ಪವರ್ ತೆಗೆದು ಬಿಚ್ಚಿದರೆ ಬೋಲ್ಟ್ ಸಡಿಲ, ಲಗ್ ಮುಖ ಕಪ್ಪಾಗಿತ್ತು. ಹೊಸ ಲಗ್ ಕ್ರಿಂಪ್ ಮಾಡಿ, ಬಸ್‌ಬಾರ್ ಉಜ್ಜಿ, ಟಾರ್ಕ್ ವ್ರೆಂಚ್‌ನಲ್ಲಿ ಬಿಗಿ ಮಾಡಿದೆ. ಅದೇ ಲೋಡ್‌ನಲ್ಲಿ ಈಗ ವೈ 49. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಂ.ಸಿ.ಬಿ. (ಸಣ್ಣ ಸರ್ಕ್ಯೂಟ್ ಬ್ರೇಕರ್) ಮೇಲಿನ ಸಣ್ಣ ಸ್ಕ್ರೂಗಳನ್ನು ಒಂದು ಮೀಟರ್ ದೂರದಿಂದ ನೋಡಬಹುದಾ?

ಪ್ಯಾನೆಲ್ ಕೆಲಸ:
ಬಹಳ ಖುಷಿಯಾಯಿತು. ಸಣ್ಣ ಸ್ಕ್ರೂಗೆ ಒಂದು ಮೀಟರ್ ದೂರ ಜಾಸ್ತಿಯಾಯಿತು ಅಣ್ಣ. ನಿಮ್ಮದು 57 ಡಿಗ್ರಿ ಲೆನ್ಸ್ ಆಗಿದ್ದರೆ, ಅಲ್ಲಿಂದ ಒಂದು ಪಿಕ್ಸೆಲ್ ಸುಮಾರು 6 ಮಿಲಿಮೀಟರ್ ಜಾಗ ನೋಡುತ್ತದೆ. ನಂಬುವಂಥ ಅಳತೆಗೆ ಕನಿಷ್ಠ 3×3 ಪಿಕ್ಸೆಲ್ ಬೇಕು, ಅಂದರೆ ಹತ್ತಿರಹತ್ತಿರ 2 ಸೆಂಟಿಮೀಟರ್. ಸ್ಕ್ರೂ ಬದಲು ಅದರ ಪಕ್ಕದ ವೈರ್ ಇನ್ಸುಲೇಷನ್ ನೋಡಿ, ಒಂದು ಎಂ.ಸಿ.ಬಿ.ಗೂ ಇನ್ನೊಂದಕ್ಕೂ ಹೋಲಿಸಿ.